ಕೆಂಪು ಬಟ್ಟೆಯ ಡ್ರಮ್ಮು

ನಳಕ್ಕೆ ಕಟ್ಟಿದ್ದ ಬಟ್ಟೆ ಒಮ್ಮೆಲೇ ಉಬ್ಬಿ, ನೀರು ನಾಲ್ಕೂ ಕಡೆ ಚಿಮ್ಮಿತು.

ದಾಕ್ಷಾಯಣಿಯ ಸೀರೆಯ ನೆರಿಗೆ ತೊಯ್ದು ಕಾಲಿಗೆ ಅಂಟಿಕೊಂಡಿತು. ಬಳ್ಳಾರಿಯ ಗಾಂಧಿನಗರಕ್ಕೆ ನೀರು ಬರುವುದೇ ಅಪರೂಪ. ಬಂದ ದಿನ ಕೊಡ, ಬಕೀಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಟ್ಟುಕೊಳ್ಳಬೇಕು. ಇವತ್ತು ಹೊಸ ಮೋಟಾರು ಹಾಕಿದ್ದರೋ ಏನೋ, ಎಂದೂ ಇಲ್ಲದ ರಭಸ. ಅವಳು ಬಟ್ಟೆ ಬಿಚ್ಚಿ ನೋಡಿದಳು. ಒಳಗೆ ಕೆಂಪು ಕಪ್ಪು ಬೆರೆತ ರಾಡಿ ಒಂದು ಹಿಡಿಯಷ್ಟಿತ್ತು.

"ಸಣ್ಣಗ ಬರ್ತಿದ್ದಾಗ ನೀರು ಚಂದ ಇರ್ತಿತ್ತು," ಎಂದರು ಹಿಂದೆ ನಿಂತಿದ್ದ ಅತ್ತೆ ವೀರಭದ್ರಮ್ಮ. "ಇವತ್ತು ಜೋರು ಬಂತು ನೋಡು, ಪೈಪಿನ ಹೊಟ್ಟ್ಯಾಗ ಕುಂತಿದ್ದ ಹೊಲಸೆಲ್ಲ ಎದ್ದು ಬಂತು. ಬಟ್ಟಿ ಬಾಯಿ ಕಟ್ಟಿದ್ರ ನೀರು ಎಲ್ಲಿಂದ ಬರಬೇಕು?"

ದಾಕ್ಷಾಯಣಿ ಆ ರಾಡಿಯನ್ನೇ ನೋಡುತ್ತ ನಿಂತಳು. ರಾತ್ರಿಯೆಲ್ಲ ಬಗೆಹರಿಯದ ಒಂದು ಗಂಟು ಎಲ್ಲೋ ತುಸು ಸಡಿಲವಾದಂತೆ ಅನಿಸಿತು.

ಅಷ್ಟರಲ್ಲಿ ಗೇಟು ಸದ್ದು ಮಾಡಿತು.

ಬಂದವರು ಮೀರಾಬಿ, ಕುರುಗೋಡಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಸೈಫುದ್ದೀನನ ತಾಯಿ. ಅವರ ಸೆರಗು ಹಿಡಿದುಕೊಂಡು ಮೊಮ್ಮಗಳು ಸುಮೈರಾ ನಿಂತಿದ್ದಳು. ಮೂರನೇ ತರಗತಿಯ ಹುಡುಗಿ. ಮೊದಲ ಬಸ್ಸಿಗೇ ಹತ್ತಿದ್ದರೆಂದು ಕಾಣುತ್ತಿತ್ತು, ಮಗುವಿನ ಒಂದು ಜಡೆ ಹೆಣೆದಿತ್ತು, ಇನ್ನೊಂದು ಬಿಚ್ಚಿತ್ತು.

"ಅಮ್ಮಾರ, ಉಜ್ಜಿನಪ್ಪಾರು ಮಧ್ಯಾಹ್ನದೊಳಗ ಗ್ಯಾರೇಜಿನ ಕೀಲಿಕೈ ಕೊಡು ಅಂದಾರ್ರಿ," ಎಂದರು ಮೀರಾಬಿ. "ಜಾಗ ಅವರದು. ನಾವೇನು ಮಾತಾಡೂಣು? ನನ್ನ ಮಗ ಬಾಯಿ ಬಿಡವಲ್ಲ. ಇದನ್ನ ನಿಮಗ ಕೊಟ್ಟು ಬಾ ಅಂತ ಕಳಿಸಿದ."

ಅವರು ಬುತ್ತಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಚಹಾ ಸೋಸುವ ಜಾಲರಿಯಂಥದೊಂದು, ಅದಕ್ಕಿಂತ ತುಸು ದೊಡ್ಡದು. ಇಂಜಿನ್ನಿನ ತಳದಿಂದ ಆಯಿಲ್ ಮೇಲಕ್ಕೆ ಹೀರುವ ಕೊಳವೆಯ ಬಾಯಿಗೆ ಇರುವ ಜಾಲರಿ. ನಿನ್ನೆ ಉಜ್ಜಿನಪ್ಪನವರ ಟ್ರ್ಯಾಕ್ಟರ್ ಬಿಚ್ಚಿದಾಗ ಸಿಕ್ಕದ್ದು. ಅದರ ಒಂದು ಕಣ್ಣೂ ತೆರೆದಿರಲಿಲ್ಲ. ಗುರೆಳ್ಳು ಚಟ್ನಿಗೆ ಎಣ್ಣೆ ಹಾಕಿ ಒತ್ತಿ ತುಂಬಿದಂತೆ ಕಪ್ಪು ರಾಡಿ ಮೆತ್ತಿತ್ತು.

ದಾಕ್ಷಾಯಣಿ ಎಡಗೈಯಲ್ಲಿದ್ದ ನಳದ ಬಟ್ಟೆಯನ್ನು ನೋಡಿದಳು. ಬಲಗೈಯಲ್ಲಿದ್ದ ಜಾಲರಿಯನ್ನು ನೋಡಿದಳು.

ಹಳೆಯ ಮೂರು ಟ್ರ್ಯಾಕ್ಟರ್‌ಗಳು, ಕೊಳಗಲ್ಲಿನದೊಂದು, ಸಿರುಗುಪ್ಪದ್ದೊಂದು, ಕುರುಗೋಡಿನ ಉಜ್ಜಿನಪ್ಪನವರದೊಂದು, ಸೈಫುದ್ದೀನ್ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಹೊಲದಲ್ಲೇ ಇಂಜಿನ್ ಹಿಡಿದು ನಿಂತುಬಿಟ್ಟಿದ್ದವು. ಕಲಬೆರಕೆ ಆಯಿಲ್ ಹಾಕಿದ ಎಂದು ಊರು ಹೇಳುತ್ತಿತ್ತು. ಆದರೆ ಮೀರಾಬಿ ಕೇಳಿಕೊಂಡದ್ದಕ್ಕೆ ಅವನ ಡ್ರಮ್ಮಿನಿಂದ ದಾಕ್ಷಾಯಣಿ ಪರೀಕ್ಷೆಗೆ ಕಳಿಸಿದ್ದ ಆಯಿಲ್ ಅಪ್ಪಟ ಅಸಲಿ ಎಂದು ನಿನ್ನೆ ಸಂಜೆ ಉತ್ತರ ಬಂದಿತ್ತು. ಹೊಸ ಇಂಜಿನ್‌ಗಳಿಗೆ ಹಾಕುವ, ಹೆಚ್ಚಿನ ದರ್ಜೆಯ ಆಯಿಲ್. ಒಳ್ಳೆಯ ಆಯಿಲ್ ಇಂಜಿನ್ನನ್ನು ಕೊಲ್ಲುವುದು ಹೇಗೆ?

ಈಗ ಆ ಉತ್ತರ ಅವಳ ಎರಡೂ ಕೈಯಲ್ಲಿತ್ತು.

"ಅತ್ತೆ, ನಾ ಕುರುಗೋಡಿಗೆ ಹೋಗಿ ಬರ್ತೀನಿ."

"ಹೋಗು. ನೀರು ನಾ ಹಿಡೀತೀನಿ. ಕಳ್ಳ ನಾಳಿನೂ ಸಿಗ್ತಾನ, ನಳ ಮತ್ತ ಯಾವಾಗ ಬರ್ತೈತೋ ದೇವರಿಗೇ ಗೊತ್ತು." ವೀರಭದ್ರಮ್ಮ ಸೆರಗು ಸಿಕ್ಕಿಸಿಕೊಂಡು ಬಕೀಟಿಗೆ ಕೈ ಹಾಕಿದವರು, ಏನೋ ನೆನಪಾಗಿ ಒಳಗೆ ಹೋಗಿ ಬಂದರು. ಸುಮೈರಾಳ ಕೈಯಲ್ಲಿ ಹಳದಿಗೆ ತಿರುಗಿದ ಒಂದು ದೊಡ್ಡ ಪೇರಲಹಣ್ಣು ಇಟ್ಟರು. "ಹಸಗೊಂಡು ಬಂದೀ. ದಾರ್‍ಯಾಗ ತಿನ್ನವ್ವ."

ಸುಮೈರಾ ತಲೆಯಾಡಿಸಿದಳು. ಆಮೇಲೆ ದಾಕ್ಷಾಯಣಿಯ ಕಡೆ ನೋಡಿ, "ಆಂಟಿ, ಒಂದು ಕೇಳಬೇಕಾಗಿತ್ತು," ಎಂದಳು.

"ಕೇಳವ್ವ."

ಮಗುವಿನ ಬಾಯಿ ತೆರೆಯಿತು, ಮುಚ್ಚಿತು. "ಏನಿಲ್ಲ."

ದಾಕ್ಷಾಯಣಿ ಒತ್ತಾಯಿಸಲಿಲ್ಲ. ಪೊಲೀಸ್ ಕೆಲಸದಲ್ಲಿದ್ದಾಗ ಕಲಿತದ್ದಕ್ಕಿಂತ, ಎರಡು ಮಕ್ಕಳನ್ನು ಸಾಕಿ ಕಲಿತದ್ದು ಅವಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಮೆಟ್ಟಿಲ ಮೇಲೆ ಕೂತು ಮಗುವಿನ ಬಿಚ್ಚಿದ ಜಡೆ ಹೆಣೆದಳು. "ಕೇಳಬೇಕು ಅನಿಸಿದಾಗ ಕೇಳು. ಅವಸರ ಏನೂ ಇಲ್ಲ," ಎಂದಳು.

ಕಾರಿನಲ್ಲಿ ಪೇರಲಹಣ್ಣಿನ ಘಮ ತುಂಬಿಕೊಂಡಿತು. ಸುಮೈರಾ ತಿನ್ನಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ತಿನ್ನವ್ವ," ಎಂದರು ಮೀರಾಬಿ.

"ಆಮ್ಯಾಲೆ ತಿಂತೀನಿ."

ಕೊಳಗಲ್ಲು ದಾಟುವಾಗ ರಸ್ತೆ ಬದಿಯ ಹೊಲದಲ್ಲಿ ಆ ಮೊದಲನೇ ಟ್ರ್ಯಾಕ್ಟರ್ ಇನ್ನೂ ನಿಂತಿತ್ತು. ಅದರ ಮೂತಿಯ ಮೇಲೆ ಯಾರೋ ಗೋಣಿಚೀಲ ಹೊದಿಸಿದ್ದರು. ಮೀರಾಬಿ ಮುಖ ಈ ಕಡೆ ತಿರುಗಿಸಿಕೊಂಡರು.

"ಸೈಫುದ್ದೀನ್ ಮನಿಯಾಗ ಹೆಂಗ ಅದಾನ್ರಿ?" ಎಂದು ದಾಕ್ಷಾಯಣಿ ಕೇಳಿದಳು.

"ಏನ್ ಹೇಳೂಣು. ಮೊದ್ಲೆಲ್ಲ ಓಣಿ ತಿರುವಿನ್ಯಾಗ ಇದ್ದಾಗ್ಲೇ, ಅಮ್ಮಾ ಇವತ್ತು ಮೆಂತ್ಯಪಲ್ಲೆ ಮಾಡೀರಿ, ಉಪ್ಪು ಜಾಸ್ತಿ ಆಗೈತಿ ಅಂತಿದ್ದ. ಉಪ್ಪು ಹೆಂಗ ಗೊತ್ತಾತೋ ಅಂದ್ರ ನಗ್ತಿದ್ದ. ಈಗ ಏನ್ ಹಾಕಿದ್ರೂ ಸುಮ್ನ ಉಣ್ಣತಾನ. ಮೊನ್ನಿ ಬ್ಯಾಳಿ ತಳ ಹತ್ತಿತ್ತು, ನಾಯಿನೂ ಮೂಸಲಿಲ್ಲ, ಇಂವ ಉಂಡು ಎದ್ದ. ಚಿಂತಿ ಅಮ್ಮಾರ, ಚಿಂತಿ."

"ಟ್ರ್ಯಾಕ್ಟರ್ ನಿಂತ ಮ್ಯಾಲೆ ಹಿಂಗ ಆದ್ನಾ?"

ಮೀರಾಬಿ ನೆನಪು ಮಾಡಿಕೊಂಡರು. "ಇಲ್ರಿ. ಬ್ಯಾಸಿಗ್ಯಾಗ ಒಮ್ಮೆ ಜ್ವರ ಬಂದು ಮಲಗಿದ್ದ ನೋಡ್ರಿ. ಆವಾಗಿಂದನ."

ಬೇಸಿಗೆಯಲ್ಲಿ ಮೂರೂ ಟ್ರ್ಯಾಕ್ಟರ್‌ಗಳು ಚೆನ್ನಾಗಿಯೇ ಓಡುತ್ತಿದ್ದವು. ಚಿಂತೆಗೆ ಆಗ ಕಾರಣವೇ ಇರಲಿಲ್ಲ. ದಾಕ್ಷಾಯಣಿ ಅದನ್ನು ಮನಸ್ಸಿನಲ್ಲೇ ಒಂದು ಬದಿಗೆ ಎತ್ತಿಟ್ಟಳು.

"ಅಪ್ಪ ಮಗಳು ಇಬ್ಬರೂ ಹಂಗಽ ಮೂಕ ಆಗ್ಯಾರ," ಎಂದು ಮೀರಾಬಿ ಮುಂದುವರಿಸಿದರು. "ಇಬ್ಬರದೂ ಒಂದು ಆಟ ಇತ್ತು. ಇಕಿ ಹಿಂದ ಹೋಗಿ ನಿಂತು, ಕೈಯಾಗ ಏನೈತಿ ಅಂತ ಕೇಳೋದು. ಆಂವ ತಿರುಗಿ ನೋಡಂಗಿಲ್ಲ. ಬರೇ ವಾಸನಿ ಮ್ಯಾಲೆ ಹೇಳಬೇಕು. ಸಾಲಿ ಸುಣ್ಣದಕಡ್ಡಿ ಅಂದ್ರ ಸುಣ್ಣದಕಡ್ಡಿ, ಹುಣಸಿ ಎಲಿ ಅಂದ್ರ ಹುಣಸಿ ಎಲಿ. ಒಮ್ಮಿನೂ ತಪ್ಪಿಲ್ಲ ನನ್ನ ಮಗ."

"ಈಗ ಆಡಂಗಿಲ್ಲೇನು ಸುಮೈರಾ?"

"ಈಗ ನಾನಽ ಕೇಳಂಗಿಲ್ಲ," ಎಂದಳು ಮಗು. ಕಿಟಕಿಯ ಆಚೆ ನೋಡುತ್ತಿದ್ದಳು.

"ಯಾಕವ್ವ?"

ಹುಡುಗಿ ಪೇರಲಹಣ್ಣನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಕುರುಗೋಡಿನ ಬಂಡೆಗುಡ್ಡ ಎದುರಿಗೆ ಬಂತು. ಗುಡ್ಡದ ಕೆಳಗೆ, ರಸ್ತೆ ಬದಿಯ ಬೇವಿನ ಮರದಡಿ ಸೈಫುದ್ದೀನನ ತಗಡಿನ ಗ್ಯಾರೇಜು. ಮುಂದೆ ಉಜ್ಜಿನಪ್ಪನವರ ಟ್ರ್ಯಾಕ್ಟರ್ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಪಕ್ಕದ ಮಂಚದ ಮೇಲೆ ಉಜ್ಜಿನಪ್ಪ ಕೂತಿದ್ದರು, ಬಿಳಿ ಮೀಸೆ, ಹೆಗಲ ಮೇಲೆ ಟವೆಲು. ಆಸ್ಪತ್ರೆಯ ವರಾಂಡದಲ್ಲಿ ಕೂತವರ ಮುಖ.

"ಬರ್ರಿ ದಾಕ್ಷಾಯಣಮ್ಮ," ಎಂದರು. "ನೀವು ಏನ್ ಹೇಳಾಕ ಬಂದೀರೋ ಲಗೂನ ಹೇಳ್ರಿ. ನಾಟಿ ಹಚ್ಚೋ ಹೆಣ್ಣಾಳು ಬದುವಿನ ಮ್ಯಾಲೆ ಕುಂತು ನನ್ನ ಹೆಸರು ಹೇಳಿ ನಗಾಕತ್ತಾರ. ಇದು ನಮ್ಮಪ್ಪ ತಂದಿದ್ದ ಗಾಡಿ. ಒಂದು ದಿನ ಕೈ ಕೊಟ್ಟಿದ್ದಿಲ್ಲ."

ಸೈಫುದ್ದೀನ್ ಚಹಾದ ಸ್ಟೋವಿನ ಪಕ್ಕ ಒಂದು ಹಳೇ ಟೈರಿನ ಮೇಲೆ ಕೂತಿದ್ದ. ನಲವತ್ತು ದಾಟಿದ, ಅಗಲ ಹೆಗಲಿನ ಮನುಷ್ಯ. ದಾಕ್ಷಾಯಣಿಯನ್ನು ಕಂಡು ಎದ್ದು ನಿಂತ. ಅವನ ಜೊತೆಗೇ ಅತ್ತರಿನ ಘಾಟೂ ಎದ್ದು ಬಂತು. ಒಂದು ಹನಿ ಹಚ್ಚಿಕೊಳ್ಳುವ ಕಡೆ ಅರ್ಧ ಶೀಶೆ ಸುರಿದುಕೊಂಡಂತಿತ್ತು. ಮದುವೆ ಮನೆಗೆ ಹೊರಟವನಲ್ಲ, ಗ್ಯಾರೇಜಿನಲ್ಲಿ ಕೂತವನು. ದಾಕ್ಷಾಯಣಿ ಒಂದು ಹೆಜ್ಜೆ ಹಿಂದೆ ಸರಿದಳು.

ಅವನ ಬೆನ್ನ ಹಿಂದೆ ಎರಡು ನೀಲಿ ಡ್ರಮ್ಮುಗಳಿದ್ದವು. ಒಂದರ ಕೊರಳಿಗೆ ಕೆಂಪು ಬಟ್ಟೆ ಕಟ್ಟಿತ್ತು. ಅದು ಹಳೇ ಇಂಜಿನ್‌ಗಳ ಆಯಿಲ್. ಬಟ್ಟೆ ಇಲ್ಲದ್ದು ಹೊಸವಕ್ಕೆ. ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ದಾಕ್ಷಾಯಣಿ ಜಾಲರಿಯನ್ನೂ ನಳದ ಬಟ್ಟೆಯನ್ನೂ ಮಂಚದ ಮೇಲೆ ಅಕ್ಕಪಕ್ಕ ಇಟ್ಟಳು. ಬೆಳಿಗ್ಗೆ ನಡೆದದ್ದನ್ನು ಹೇಳಿದಳು. ಉಜ್ಜಿನಪ್ಪ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅಂದ್ರ, ಆಯಿಲ್ ಕೆಟ್ಟದ್ದಲ್ಲ ಅಂತೀರಿ?"

"ಒಳ್ಳೇದಽ. ಆದ್ರ ನಿಮ್ಮ ಗಾಡಿಗೆ ಅಲ್ಲ. ಸೈಫುದ್ದೀನ್, ನೀನಽ ಹೇಳಪ್ಪ."

ಸೈಫುದ್ದೀನ್ ಜಾಲರಿಯ ಕಡೆ ನೋಡದೆ ಹೇಳಿದ. "ಹಳೇ ಇಂಜಿನ್ನಿಗೆ ನಲವತ್ತು ನಂಬರ್ ಸಾದಾ ಆಯಿಲ್ರಿ. ಅದು ಜಾರತೈತಿ ಅಷ್ಟಽ, ತೊಳಿಯಂಗಿಲ್ಲ. ಹೊಸ ಆಯಿಲಿನ್ಯಾಗ ಸೋಪಿನಂಥದ್ದು ಇರತೈತಿ. ವರ್ಷಗಟ್ಟಲೆ ಇಂಜಿನ್ ಒಳಗಿನ ಗ್ವಾಡಿಗೆ ಅಂಟಿದ ಮಸಿ ಎಲ್ಲ ಕಿತ್ತು ಕೆಳಗ ಇಳಿಸತೈತಿ. ಅದು ಜಾಲರಿಗೆ ಕುಂತ್ರ ಆಯಿಲ್ ಮ್ಯಾಲೆ ಏರಂಗಿಲ್ಲ. ಇಂಜಿನ್ ಒಣಗಿ ಹಿಡಕೊಂತೈತಿ. ಹೊಸದು ಹಾಕಲೇಬೇಕಂದ್ರ ಮೊದ್ಲು ತಳ ಬಿಚ್ಚಿ ತೊಳೀಬೇಕು, ಒಮ್ಮೆ ಹಾಕಿ ಲಗೂನ ತಗದು ಮತ್ತ ಹಾಕಬೇಕು."

"ಇಷ್ಟು ಗೊತ್ತಿದ್ದೂ ಹಾಕಿದೆಲ್ಲೋ," ಎಂದರು ಉಜ್ಜಿನಪ್ಪ. ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನಿನ್ನ ಕೈಯಾಗ ಗಾಡಿ ಬಿಟ್ಟು ನಾ ನಿದ್ದಿ ಮಾಡ್ತಿದ್ದೆ."

"ನಾ ಹಾಕಿಲ್ರಿ. ಆ ಡ್ರಮ್ಮಿಗೆ ಆಯಿಲ್ ಸುರಿಯೂ ಮೊದ್ಲು ನಾ ಮೂಸೀನಿ. ಸಾದಾ ಆಯಿಲ್ಲೇ ಇತ್ತು. ಆಮ್ಯಾಲೆ ಯಾರೋ ಬದಲಿ ಮಾಡ್ಯಾರ."

ಸೈಫುದ್ದೀನ್ ಮೂಸೀನಿ ಎಂದರೆ ಅಲ್ಲಿಗೆ ಮುಗಿಯಿತು. ಡಬ್ಬಿಯ ಮೇಲಿನ ಚೀಟಿಯನ್ನು ಅವನು ನಂಬುತ್ತಿರಲಿಲ್ಲ. ಚೀಟಿ ಯಾರು ಬೇಕಾದರೂ ಅಂಟಿಸಬಹುದು ಎನ್ನುತ್ತಿದ್ದ. ಬಳ್ಳಾರಿ ಬಿಸಿಲಿಗೆ ಎಲ್ಲಾ ಆಯಿಲ್ಲೂ ನೀರಾಗತಾವ, ಬೆರಳಿಗೆ ಮೋಸ ಮಾಡಬಹುದು, ಮೂಗಿಗೆ ಆಗಂಗಿಲ್ಲ ಅನ್ನುವುದು ಅವನ ಮಾತು. ಎರಡು ಸಲ ನಕಲಿ ಡಬ್ಬಿಗಳನ್ನು ಮುಚ್ಚಳ ತೆರೆದ ಕೂಡಲೇ ಹಿಡಿದು, ಇಡೀ ಕುರುಗೋಡಿನ ಟ್ರ್ಯಾಕ್ಟರ್ ಉಳಿಸಿದ ಮೂಗು ಅದು.

ಆಗ ರಸ್ತೆಯಲ್ಲಿ ಸಾಮಾನಿನ ಆಟೋ ನಿಂತಿತು. ದಾಕ್ಷಾಯಣಿ ದಾರಿಯಿಂದಲೇ ಫೋನು ಮಾಡಿ ಕರೆಸಿದ್ದ ವೀರೇಶ್ ಇಳಿದು ಬಂದ. ಬಳ್ಳಾರಿಯ ಆಯಿಲ್ ಅಂಗಡಿಯಿಂದ ಇಲ್ಲಿನ ಗ್ಯಾರೇಜುಗಳಿಗೆಲ್ಲ ಡಬ್ಬಿ ತಂದುಕೊಡುವವನು. ಹೋದ ತಿಂಗಳು ಮದುವೆಯಾದವನು, ಕೈಯ ಮದರಂಗಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ವೀರೇಶ್," ಎಂದಳು ದಾಕ್ಷಾಯಣಿ, "ಈ ಕೆಂಪು ಬಟ್ಟಿ ಡ್ರಮ್ಮಿಗೆ ಕಡೀಗೆ ಆಯಿಲ್ ಸುರುವಿದವ ಯಾರು?"

"ನಾನಽ ರಿ ಮೇಡಂ."

"ಯಾವ ಆಯಿಲ್?"

ಅವನು ಸೈಫುದ್ದೀನನ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಹೊಸ ಗಾಡಿದು."

ಉಜ್ಜಿನಪ್ಪ ಮಂಚದಿಂದ ಎದ್ದರು.

"ಕೇಳ್ರಿ, ಪೂರಾ ಕೇಳ್ರಿ," ಎಂದ ವೀರೇಶ್. "ಅವತ್ತು ಎರಡೂ ನಮೂನಿ ಡಬ್ಬಿ ತಂದಿದ್ದೆ. ಯಾವಾಗಿನಂಗ ಒಂದರ ಮುಚ್ಚಳ ತಗದು ಕಾಕಾರ ಮೂಗಿನ ಮುಂದ ಹಿಡಿದೆ. ಅವರಿಗೆ ಆಯಿಲ್ ಹೆಸರು ಯಾರೂ ಹೇಳಂಗಿಲ್ರಿ, ಹೇಳಿದ್ರ ಬೈತಾರ. ಅವರು ಮೂಸಿದ್ರು, ಕೆಂಪು ಬಟ್ಟಿ ಡ್ರಮ್ಮು ತೋರಿಸಿದ್ರು. ನಾ ಸುರಿದೆ. ಎರಡನೇದು ಮೂಸಿದ್ರು, ಆ ಕಡಿ ಡ್ರಮ್ಮು ತೋರಿಸಿದ್ರು. ಅದಕ್ಕ ಸುರಿದೆ."

"ಚೀಟಿ ನೀ ಓದಿದ್ದಿಲ್ಲೇನು?"

"ಓದಿದ್ದೆ. ಅದಲಬದಲ ಆತಲ್ಲ ಅಂತ ಅನಿಸಿತು. ಆದ್ರ ಸೈಫುದ್ದೀನ್ ಕಾಕಾರು ಮೂಸಿ ಹೇಳಿದ್ದಕ್ಕ ನಾ ಎದುರು ಮಾತಾಡೋದೇನ್ರಿ? ಚೀಟಿನೇ ತಪ್ಪಿರಬೇಕು ಅಂದ್ಕೊಂಡೆ."

"ಭಾರಿ ಕತಿ ಕಟ್ಟಿದಿ," ಎಂದರು ಉಜ್ಜಿನಪ್ಪ. "ಹುಲಿ ಹುಲ್ಲು ತಿಂತು ಅಂದ್ರ ನಂಬಬಹುದು, ಇವನ ಮೂಗು ತಪ್ಪತು ಅಂದ್ರ ಕುರುಗೋಡಿನ್ಯಾಗ ಯಾರೂ ನಂಬಂಗಿಲ್ಲ. ನಿಮ್ಮ ಅಂಗಡಿಯವರು ಕಲಿಸಿ ಕಳಿಸ್ಯಾರೇನು?"

"ಇಲ್ರಿ ಕಾಕಾ. ನನ್ನ ಹೇಣ್ತಿ ಆಣಿ."

"ಹೊಸಾ ಹೇಣ್ತಿ ಮ್ಯಾಲೆ ಆಣಿ ಇಡಬ್ಯಾಡಲೇ." ಉಜ್ಜಿನಪ್ಪ ಸೈಫುದ್ದೀನನ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ನೀ ಹೇಳಪ್ಪ. ಒಂದ ಮಾತು. ಮೂಸಿದಿ ಹೌದಲ್ಲ? ಮೂಸಿದಾಗ ಸಾದಾ ಆಯಿಲ್ ಇತ್ತಲ್ಲ? ನೀ ಹೌದು ಅಂದ್ರ ಕೀಲಿಕೈ ನಿನ್ನ ಕಡೇನೇ ಇರತೈತಿ. ಇವನ್ನ ನಾ ಸ್ಟೇಷನ್ನಿಗೆ ಕರಕೊಂಡು ಹೋಗ್ತೀನಿ."

ಸೈಫುದ್ದೀನ್ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

"ಮೂಸೀನ್ರಿ," ಎಂದ.

"ಸಾದಾ ಆಯಿಲ್ಲು?"

"ಹೌದ್ರಿ."

ಮೀರಾಬಿ ಎರಡೂ ಕೈ ಎದೆಗೆ ಒತ್ತಿಕೊಂಡರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬಣ್ಣ ಬಂದಿತ್ತು. ವೀರೇಶ್ ಜೇಬಿನಿಂದ ಆಟೋದ ಕೀಲಿಕೈ ತೆಗೆದು, ಯಾರಿಗೆ ಕೊಡಬೇಕೆಂದು ತಿಳಿಯದೆ, ಅಂಗೈಯಲ್ಲೇ ಹಿಡಿದು ನಿಂತ. ಅವನ ಕಣ್ಣು ತುಂಬಿ ಬರುತ್ತಿತ್ತು.

ಎಲ್ಲವೂ ಸರಿಯಾಗಿ ಕೂಡಿಕೊಂಡಿತ್ತು. ಆದರೂ ದಾಕ್ಷಾಯಣಿಗೆ ಸಮಾಧಾನವಿರಲಿಲ್ಲ. ಸುಳ್ಳು ಹೇಳುವವನು ತಾನೇ ಡಬ್ಬಿ ಸುರಿದೆನೆಂದು ಕೇಳಿದ ಕೂಡಲೇ ಒಪ್ಪಿಕೊಳ್ಳುತ್ತಾನೆಯೇ?

ಆಗ ಸುಟ್ಟ ಹಾಲಿನ ಕಮಟು ವಾಸನೆ ಗ್ಯಾರೇಜನ್ನೆಲ್ಲ ತುಂಬಿತು. ಉಜ್ಜಿನಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡರು. ಮೀರಾಬಿ ಕೆಮ್ಮಿದರು. ಕಾರಿನ ಬಳಿ ನಿಂತಿದ್ದ ಸುಮೈರಾ ಓಡಿ ಬಂದು ಸ್ಟೋವು ಆರಿಸಿದಳು. ಚಹಾದ ಹಾಲು ಪಾತ್ರೆಯ ತಳದಲ್ಲಿ ಕರಿ ಹೆಪ್ಪಾಗಿತ್ತು. ಸ್ಟೋವು ಸೈಫುದ್ದೀನನ ಬೆನ್ನಿಗೆ ಒಂದು ಮೊಳ ದೂರದಲ್ಲಿತ್ತು. ಅವನು ತಿರುಗಿಯೂ ನೋಡಿರಲಿಲ್ಲ. ಮಗಳು ಓಡಿ ಬಂದದ್ದು ಯಾಕೆಂದು ಈಗ ಅವಳ ಮುಖ ನೋಡಿ ತಿಳಿದುಕೊಳ್ಳಲು ಯತ್ನಿಸುತ್ತಿದ್ದ.

ದಾಕ್ಷಾಯಣಿ ಎತ್ತಿಟ್ಟಿದ್ದೆಲ್ಲ ಒಂದೊಂದೇ ಕೆಳಗಿಳಿದು ಬಂತು. ತಳ ಹತ್ತಿದ ಬೇಳೆ. ಬೇಸಿಗೆಯ ಜ್ವರ. ಅರ್ಧ ಶೀಶೆ ಅತ್ತರು.

ಈ ಮಾತು ಪರರ ಬಾಯಿಂದ ಬಂದರೆ ಈ ಮನುಷ್ಯ ಮತ್ತೆ ತಲೆಯೆತ್ತಿ ನಡೆಯಲಾರ. ತಾನಾಗಿಯೇ ಹೇಳಲಿ, ಇನ್ನೊಂದು ಗಳಿಗೆ ಕಾಯೋಣ ಎಂದುಕೊಂಡಳು.

ಉಜ್ಜಿನಪ್ಪ ವೀರೇಶನ ತೋಳು ಹಿಡಿದರು. "ನಡಿ."

ಸುಮೈರಾ ವೀರೇಶನ ಅಂಗೈಯಲ್ಲಿದ್ದ ಕೀಲಿಕೈಯನ್ನು ನೋಡಿದಳು. ಅವನ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ನೋಡಿದಳು. ಕೊನೆಗೆ ದಾಕ್ಷಾಯಣಿಯನ್ನು ನೋಡಿದಳು, ಅನುಮತಿ ಕೇಳುವವಳ ಹಾಗೆ. ದಾಕ್ಷಾಯಣಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೆಳಿಗ್ಗೆ ಹೆಣೆದ ಆ ಜಡೆಯನ್ನು ಭುಜದ ಹಿಂದಕ್ಕೆ ಮೆಲ್ಲಗೆ ಸರಿಸಿದಳು, ಅಷ್ಟೇ.

ಮಗು ಹೋಗಿ ಅಪ್ಪನ ಬೆನ್ನ ಹಿಂದೆ ನಿಂತಳು. ಲಂಗದ ಮಡಿಕೆಯಿಂದ ಪೇರಲಹಣ್ಣು ತೆಗೆದಳು. ಅಷ್ಟು ಹೊತ್ತು ಹಿಡಿದು ಹಿಡಿದು ಅದು ಒಂದು ಕಡೆ ಬಿರಿದಿತ್ತು. ಸುಟ್ಟ ಹಾಲಿನ ಕಮಟನ್ನೂ ಅತ್ತರಿನ ಘಾಟನ್ನೂ ಮೀರಿ ಅದರ ಘಮ ಎದ್ದಿತು. ಮೂರು ಹೆಜ್ಜೆ ಆಚೆ ಉಜ್ಜಿನಪ್ಪ ಅರಿವಿಲ್ಲದೆಯೇ ಆ ಕಡೆ ಮುಖ ತಿರುಗಿಸಿದರು.

ಸುಮೈರಾ ಹಣ್ಣನ್ನು ಅಪ್ಪನ ಕೆನ್ನೆಯ ಹತ್ತಿರ ಹಿಡಿದಳು, ಮುಟ್ಟದಷ್ಟು ಹತ್ತಿರ.

"ತಿರುಗಿ ನೋಡಬ್ಯಾಡ್ರಿ ಅಬ್ಬಾ," ಎಂದಳು. "ನನ್ನ ಕೈಯಾಗ ಏನೈತಿ?"